ಗಾಡಿ ಬಾಗಲದ ಒಳಗ ಬಣ್ಣ ಹಚ್ಚೋದಿದ್ರ ಮೊದಲು ಬಿಚ್ಚಿ ನೋಡ್ರಿ

ಹೋದ ವಾರ ನನ್ನ ಹಳೇ ಪಿಕಪ್ ಸ್ಟ್ಯಾಂಡಿನ ಹೋಟೆಲ್ ಮುಂದ ನಿಲ್ಲಿಸಿದ್ದೆ. ಡ್ರೈವರ್ ಕಡಿ ಬಾಗಲದ ಒಳಮೈಗೆ ಹೊಸಾ ಬಣ್ಣ ಆಗಿದ್ದು ನಾಕ್ ಮಂದಿ ಕಣ್ಣಿಗೆ ಬಿತ್ತು. ಒಬ್ಬರು, "ಹಳೇ ಗಾಡಿ ಒಳಗ ಯಾರ್ ನೋಡ್ತಾರೋ ಮಾರಾಯಾ, ಅಷ್ಟು ರೊಕ್ಕದಾಗ ಒಂದು ಚೀಲ ಡಿಎಪಿ ಬರ್ತಿತ್ತು" ಅಂದ್ರು. ಇನ್ನೊಬ್ಬರು, "ಯಾವ ಡಬ್ಬಿ ಹೇಳ್ರಿ, ದಸರಾಕ್ಕ ನಾವೂ ಹೊಡೀತೀವಿ" ಅಂದ್ರು. ನನಗ ಎರಡೂ ಮಾತು ಒಪ್ಪಿಗಿ ಆಗಿಲ್ಲ. ಹೋಟೆಲ್ನಾಗ ಉದ್ದಕ್ಕ ಹೇಳಲಿಕ್ಕ ಆಗಲಿಲ್ಲ, ಅದಕ್ಕ ಇಲ್ಲಿ ಬರೀಲತ್ತೀನಿ.

ಯಾರ್ ನೋಡ್ತಾರ ಅಂದವರಿಗೆ ಮೊದಲು ಹೇಳ್ತೀನಿ. ನಿಮ್ಮ ಗಾಡಿ ಬಾಗಲ ಎಲ್ಲಿ ಸವದದ ನೋಡ್ರಿ. ಗ್ಲಾಸ್ ಕೆಳಗಿನ ಅಂಚು, ಅಲ್ಲಿ ಮೊಣಕೈ ಇಡ್ತೀವಿ. ಹ್ಯಾಂಡಲ್ ಸುತ್ತ, ಅಲ್ಲಿ ಉಗುರು ಹತ್ತತಾವ. ಕೆಳಗ ಬೂಟು ಒದಿಯೋ ಜಾಗ. ನಮ್ಮಂಥಾ ಗಾಡಿಯಾಗ ಸುತ್ತಲಿನ ಅಂಚು ಬರೀ ತಗಡು, ನಡುವ ಪ್ಲಾಸ್ಟಿಕ್ ಪ್ಯಾನಲ್. ಪ್ಲಾಸ್ಟಿಕ್ ಸವದ್ರ ಬರೀ ಚಂದ ಕೆಡತದ, ಅದಕ್ಕ ಖರ್ಚು ಮಾಡೋದು ಬಿಡೋದು ನಿಮ್ಮ ಖುಷಿ. ತಗಡಿನ ಮಾತು ಬ್ಯಾರೆ. ನಾವು ಯೂರಿಯಾ ಚೀಲ ಹೊತ್ತ ಕೈಲೇ ಬಾಗಲ ಹಿಡೀತೀವಿ, ಎಣ್ಣಿ ಹೊಡದ ಕೈಲೇ ಹಿಡೀತೀವಿ, ಮ್ಯಾಲ ಬೆವರು. ಗೊಬ್ಬರದ ಉಪ್ಪು, ಬೆವರಿನ ಉಪ್ಪು ಎರಡೂ ತಗಡು ತಿಂತಾವ. ಬಣ್ಣ ಹೋದ ಜಾಗದಾಗ ಒಂದು ಮಳಿಗಾಲ ಸಾಕು, ಜಂಗು ಹಿಡೀತದ. ಅದಕ್ಕ ತಗಡಿಗೆ ಬಣ್ಣ ಅನ್ನೋದು ಸೋಕಿ ಅಲ್ಲ.

ಇನ್ನ ದಸರಾಕ್ಕ ಹೊಡೀತೀವಿ ಅಂದವರಿಗೆ ನನ್ನ ಕಥಿ ಹೇಳಬೇಕು. ಕೆಲವು ವರ್ಷದ ಹಿಂದ ನಾನೂ ಖಂಡೆ ಪೂಜಿಗೆ ಎರಡು ದಿನ ಇದ್ದಾಗ ಮನಿ ಗೇಟಿಗೆ ತಂದು ಉಳದಿದ್ದ ಎನಾಮೆಲ್ ತಗೊಂಡು ಬ್ರಶ್ಶಿನಿಂದ ಬಾಗಲಕ್ಕ ಬಳದೆ. ಪ್ಯಾನಲ್ ಬಿಚ್ಚಲಿಲ್ಲ, ತೊಳೀಲಿಲ್ಲ, ಹಸಿ ಬಟ್ಟೀಲೆ ಒರೆಸಿ ಹಚ್ಚಿಬಿಟ್ಟೆ. ಸೋಯಾ ರಾಶಿ ಅವಸರ, ಮಷೀನ್ ಹೊಲಕ್ಕ ಬಂದು ನಿಂತಿತ್ತು. ಪೂಜಿ ದಿನ ಗಾಡಿ ಫಳಫಳ. ಎಳ್ಳಮಾವಾಸ್ಯಿ ಬರೋದ್ರಾಗ ಪ್ಲಾಸ್ಟಿಕ್ ಮ್ಯಾಲಿನ ಬಣ್ಣ ಉಳ್ಳಾಗಡ್ಡಿ ಸಿಪ್ಪಿ ಬಂದಂಗ ಬಂತು. ಅದು ದೊಡ್ಡ ಮಾತಲ್ಲ. ಮುಂದಿನ ಮಳಿಗಾಲದಾಗ ಬಾಗಲ ಹಾಕಿದ್ರ ಒಳಗ ಕೊಡದಾಗ ನೀರು ಅಲ್ಲಾಡಿದಂಗ ಸಪ್ಪಳ. ಭಾಲ್ಕಿಗೆ ಒಯ್ದು ಬಿಚ್ಚಿಸಿದ್ರ ಅರ್ಧ ಬುಟ್ಟಿ ಕೆಸರು ಬಂತು, ಕೆಳಗಿನ ತಗಡು ಬೆರಳಿಲೆ ಒತ್ತಿದ್ರ ತೂತು ಬೀಳ್ತಿತ್ತು.

ಯಾಕ ಹಂಗಾತು? ಗ್ಲಾಸ್ ಮ್ಯಾಲ ಬಿದ್ದ ಮಳಿ ನೀರು ರಬ್ಬರ್ ಸಂದಿಯಿಂದ ಸ್ವಲ್ಪ ಬಾಗಲದ ಒಳಗ ಇಳಿಯೋದೇ. ಕಂಪನಿಯವರು ಅದನ್ನ ತಿಳದೇ ಕೆಳಗಿನ ಅಂಚಿಗೆ ಸಣ್ಣ ಸಣ್ಣ ತೂತು ಬಿಟ್ಟಿರ್ತಾರ, ನೀರು ಅಲ್ಲಿಂದ ಹೊರಗ ಹೋಗಬೇಕು. ಹೊಲದ ಧೂಳು, ಸೋಯಾ ಹೊಟ್ಟು ಮೊದಲೇ ಆ ತೂತಿನಾಗ ತುಂಬಿತ್ತು. ಮ್ಯಾಲ ನಾನು ಎನಾಮೆಲ್ ಬಳದು ಬೀಗ ಹಾಕಿದಂಗ ಮಾಡಿದೆ. ಡೆಂಟಿಂಗ್ ಮಾಡೋ ಹುಡುಗ ಹೊಸಾ ತಗಡು ಕೂಡಿಸಿ ವೆಲ್ಡಿಂಗ್ ಮಾಡಿದ. ತಪ್ಪು ನಂದು, ರೊಕ್ಕಾನೂ ನಂದು.

ಅದಕ್ಕ ನನ್ನ ಮಾತು ಒಂದೇ: ಪ್ಯಾನಲ್ ಬಿಚ್ಚಲಾರದ ಬಣ್ಣ ಹಚ್ಚಬ್ಯಾಡ್ರಿ. ಬಿಚ್ಚಲಿಕ್ಕ ಟೈಮ್ ಇಲ್ಲಂದ್ರ ಬಣ್ಣಾನೂ ಬ್ಯಾಡ, ಸವದದ್ದು ಸವದಂಗೇ ಇರ್ಲಿ, ಕಣ್ಣಿಗಾದ್ರೂ ಕಾಣತದ.

ಈ ಸಲ ಹಂಗೇ ಮಾಡ್ದೆ. ಗ್ಲಾಸ್ ತಿರುವೋ ಹ್ಯಾಂಡಲ್ ತಗಿಯೋವಾಗ ಒಳಗಿನ ಸಣ್ಣ ಕ್ಲಿಪ್ ಹಾರಿ ದನದ ಕೊಟ್ಟಿಗಿಯಾಗ ಬಿತ್ತು, ಅರ್ಧ ತಾಸು ಹುಡುಕಿದೆ. ಹ್ಯಾಂಡಲ್ ಮ್ಯಾಲ ಒಂದು ಬಟ್ಟಿ ಹಿಡಕೊಂಡು ತಗೀರಿ. ಪ್ಯಾನಲ್ ಹಿಂದ ಒಂದು ಪ್ಲಾಸ್ಟಿಕ್ ಹಾಳಿ ಅಂಟಿಸಿರ್ತದ. ನೀರು ಪ್ಯಾನಲ್ಲಿಗೆ ಬಡೀಬಾರದು ಅಂತ ಇರೋದು ಅದು, ಮೆಕ್ಯಾನಿಕ್ಕರು ಹರದು ಒಗೀತಾರ, ಒಗಿಲಿಕ್ಕ ಬಿಡಬ್ಯಾಡ್ರಿ. ತೂತು ಎಲ್ಲಾ ತಂತಿಲೆ ಚುಚ್ಚಿ, ಒಂದು ತಂಬಗಿ ನೀರು ಹಾಕಿ, ಹೊರಗ ಬಂತು ಅಂತ ಕಣ್ಣಿಲೆ ನೋಡಿದ ಮ್ಯಾಲೇ ಮುಂದಿನ ಕೆಲಸ.

ತೊಳಿಯೋದೇ ಅರ್ಧ ಕೆಲಸ ಅನ್ರಿ. ಗಾಡಿ ತೊಳೆಯೋ ಕಡಿ ಡ್ಯಾಶ್‌ಬೋರ್ಡಿಗೆ ಮಿಂಚಲಿ ಅಂತ ಪಾಲಿಶ್ ಹಚ್ತಾರಲ್ಲ, ಅದರಾಗ ಸಿಲಿಕೋನ್ ಇದ್ರ ಬಣ್ಣ ಆ ಜಾಗದಾಗ ಮೀನಿನ ಕಣ್ಣಿನಂಗ ಒಡದು ನಿಲ್ತದ. ಭಾಂಡೆ ಸೋಪಿಲೆ ಎರಡು ಸಲ ತಿಕ್ಕಿ ಒಣಗಿಸಿದೆ. ಪ್ಯಾನಲ್ ಹಿಂದ ಯಾವ ಪ್ಲಾಸ್ಟಿಕ್ ಅಂತ ಸಣ್ಣ ಅಕ್ಷರದಾಗ ಬರದಿರ್ತದ. ಪಿಪಿ ಅಂತ ಇದ್ರ ಪ್ಲಾಸ್ಟಿಕ್ ಪ್ರೈಮರ್ ಇಲ್ಲದ ಯಾವ ಬಣ್ಣಾನೂ ಹಿಡಿಯಂಗಿಲ್ಲ, ಎಷ್ಟೇ ತುಟ್ಟಿ ಡಬ್ಬಿ ತರ್ರಿ. ಎಬಿಎಸ್ ಅಂತ ಇದ್ರ ಥಿನ್ನರ್ ಹಾಕಿ ಒರೆಸಬ್ಯಾಡ್ರಿ, ಪ್ಲಾಸ್ಟಿಕ್ ಕರಗಿ ಜಿಗಟಾಗತದ. ತಗಡಿಗೆ ಜಂಗು ಪೂರಾ ತಿಕ್ಕಿ ತಗದು ರೆಡ್ ಆಕ್ಸೈಡ್, ಆಮ್ಯಾಲ ಬಣ್ಣ. ಡಬ್ಬಿ ಒಂದು ಗೇಣು ದೂರ ಹಿಡದು ತೆಳ್ಳಗ ಮೂರು ಸಲ, ನಡುವ ಹತ್ತು ಹದಿನೈದು ನಿಮಿಷ ಬಿಟ್ಟು. ಒಂದೇ ಸಲ ದಪ್ಪ ಹೊಡದ್ರ ಕಣ್ಣೀರಿನಂಗ ಇಳೀತದ. ಒಟ್ಟು ನನಗ 1,500 ರೂಪಾಯಿ ತನಕ ಬಂತು.

ತಿಕ್ಕೋದರ ಬಗ್ಗಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮೊದಲ ಸಲ ಬಣ್ಣ ಕಿತ್ತು ಬಂದಾಗ ಉಳದದ್ದನ್ನ ಅಂಗಳದಾಗ ಕೂತು ಒಣಾ ಪೇಪರಿಲೆ ತಿಕ್ಕಿದ್ದೆ. ಬಾಜೂಕ ತೊಗರಿ ಹರವಿದ್ದೆವು, ಮೊಮ್ಮಗ ಅಲ್ಲೇ ಅಂಬೆಗಾಲಿಡತಿದ್ದ. ಈಗ ನೆನಸಿದ್ರ ಮೈ ಜುಮ್ ಅಂತದ. ಮನಿಗೆ ಹಚ್ಚೋ ಬಣ್ಣದಾಗ ಸೀಸ 90 ಪಿಪಿಎಂ ದಾಟಬಾರದು ಅಂತ ಕೇಂದ್ರ ಸರ್ಕಾರ 2016ರಾಗ ನಿಯಮ ಮಾಡಿತು, 2017ರ ನವೆಂಬರ್‌ದಿಂದ ಜಾರಿ ಅದ. ಅದು ಮನಿ ಬಣ್ಣಕ್ಕ, ಗಾಡಿ ಬಣ್ಣ ಅದರಾಗ ಬರಂಗಿಲ್ಲ. ಸೀಸದ ಧೂಳು ಸಣ್ಣ ಮಕ್ಕಳ ಮೆದುಳಿಗೆ ಕೆಟ್ಟದ್ದು. ಹಳೇ ಬಣ್ಣದಾಗ ಸೀಸ ಅದ ಅಂತಲೇ ತಿಳದು ನಡೀರಿ: ವಾಟರ್ ಪೇಪರ್ ನೀರಾಗ ಅದ್ದಿ ತಿಕ್ಕರಿ, ಮೂಗಿಗೆ ಮಾಸ್ಕ್ ಕಟ್ಟರಿ, ಮಕ್ಕಳು, ಕಾಳು, ದನದ ಗ್ವಾದಲಿ ಇರೋ ಕಡಿ ಬ್ಯಾಡ. ಕೆಳಗ ಒಂದು ಹಳೇ ಚೀಲ ಹಾಸಿ, ಬಿದ್ದ ರಾಡಿ ಕಟ್ಟಿ ಒಗೀರಿ, ಬಾವಿ ಕಡಿ ತೊಳದು ಬಿಡಬ್ಯಾಡ್ರಿ. ಬಣ್ಣದ ಹೊಳಪಿಗಿಂತ ನನಗ ಇದೇ ದೊಡ್ಡ ಚಿಂತಿ.

ದಸರಾ ಬ್ಯಾಡ ಅಂದದ್ದಕ್ಕ ಇನ್ನೊಂದು ಕಾರಣ ಅದ. ಆಗ ಹವಾದಾಗ ಇನ್ನೂ ಹಸಿ ಇರ್ತದ, ಸ್ಪ್ರೇ ಬಣ್ಣ ಬೆಳ್ಳಗ ಮಂಜು ಹಿಡದಂಗ ಆಗತದ. ನಮ್ಮ ಬ್ಯಾಸಗಿ ಬಿಸಿಲಿಗೆ ಬಣ್ಣ ತಗಡಿಗೆ ಮುಟ್ಟೋ ಮೊದಲೇ ಒಣಗಿ ಮರಳು ಮರಳಾಗತದ. ದೀಪಾವಳಿ ದಾಟಿದ ಮ್ಯಾಲ, ಮುಂಜಾನಿ ಇಬ್ಬನಿ ಆರಿದ ಮ್ಯಾಲ, ಹತ್ತು ಗಂಟೆಯಿಂದ ಮಧ್ಯಾಹ್ನದ ತನಕ ಚಂದ. ದೇವರೇನು ಬಣ್ಣ ನೋಡಿ ಪೂಜಿ ಒಪ್ಪಂಗಿಲ್ಲ.

ಕೆಲವರು ಬಣ್ಣ ಬ್ಯಾಡ ಅಂತ ಪ್ಯಾನಲ್ಲಿಂದ ತಗಡಿನ ತನಕ ರೆಕ್ಸಿನ್ ಅಂಟಿಸಿಬಿಡ್ತಾರ. ಕೆಳಗ ಜಂಗು ಇದ್ರ ಅದು ಕತ್ತಲಾಗ ಬೆಳೀತದ, ಅಷ್ಟೇ.

ಮತ್ತ ಕೆಲವರು ಮಾರೋ ಸಲುವಾಗೇ ಬಣ್ಣ ಹೊಡೀತಾರ. ಇದು ನನಗ ಸರಿ ಕಾಣಂಗಿಲ್ಲ. ಉದಗೀರ ಕಡಿ ಒಂದು ಹಳೇ ಗಾಡಿ ನೋಡಲಿಕ್ಕ ಹೋಗಿದ್ದೆ. ಬಾಗಲದ ಒಳಗ ಹೊಸಾ ಬಣ್ಣ, ಆದ್ರ ಕ್ಲಚ್ಚಿನ ರಬ್ಬರ್ ಸವದು ಕಬ್ಬಿಣ ಕಾಣತಿತ್ತು. ಬಾಗಲದ ಕೆಳಗ ಬೆರಳಾಡಿಸಿದ್ರ ತೂತು ಎಲ್ಲಾ ಪುಟ್ಟಿಲೆ ಮುಚ್ಚಿದ್ದು ಗೊತ್ತಾತು. ಚಾ ಕುಡದು ಎದ್ದು ಬಂದೆ. ಬಾಗಲ ಎಷ್ಟು ಸವದದ ಅನ್ನೋದು ಗಾಡಿ ಎಷ್ಟು ದುಡದದ ಅಂತ ಹೇಳತದ, ಮೀಟರ್ ಸುದ್ದಾ ಅಷ್ಟು ಖರೇ ಹೇಳಂಗಿಲ್ಲ. ತಗೊಳ್ಳೋವನೂ ನಮ್ಮಂಥಾ ರೈತನೇ, ಅವನೂ ಸಾಲ ಮಾಡೇ ತಗೋತಾನ. ಬಣ್ಣ ಹೊಡದು ಮಾರೋದಿದ್ರ ಹೊಡದೀನಿ ಅಂತ ಹೇಳಿ, ಪ್ಯಾನಲ್ ಬಿಚ್ಚಿ ತೋರಿಸಿ ಮಾರ್ರಿ.

ಆರ್‌ಸಿ ಬಗ್ಗಿ ಒಬ್ಬರು ಕೇಳಿದ್ರು. ಒಳಗಿನ ಬಣ್ಣಕ್ಕ ಏನೂ ಬ್ಯಾಡ. ಹೊರಗಿನ ಬಣ್ಣ ಬದಲ ಮಾಡಿದ್ರ ಮಾತ್ರ ಆರ್‌ಟಿಓದಾಗ ಬರಸಬೇಕು, ನಮ್ಮ ಕೆಎ-39 ಗಾಡಿಯವರಿಗೆ ಭಾಲ್ಕಿಯಾಗೇ ಆಗತದ.

ನನ್ನ ಗಾಡಿ ಎಡಗಡಿ ಬಾಗಲ ಇನ್ನೂ ಹಳೇ ಎನಾಮೆಲ್ಲಿನಾಗೇ ಅದ. ತೊಗರಿ ರಾಶಿ ಮುಗದ ಮ್ಯಾಲ ಬಿಚ್ಚಾವ ಇದ್ದೀನಿ. ಸಾಯಗಾಂವ ಕಡಿ ಬಂದ್ರ ಮನಿಗೆ ಬರ್ರಿ, ಎರಡೂ ಬಾಗಲ ಬಾಜೂ ಬಾಜೂ ನೋಡ್ರಿ. ಬರೋವಾಗ ಒಂದೆರಡು ಹ್ಯಾಂಡಲ್ ಕ್ಲಿಪ್ ಹೆಚ್ಚಿಗಿ ಇದ್ರ ತರ್ರಿ, ನಂದು ಒಂದು ಮುರದದ.