ರೆಕ್ಕೆಯ ಮೇಲಣ ಹಿಮ

ವಿಮಾನದ ರೆಕ್ಕೆಯ ಮೇಲೆ ಹಿಮ ಕಟ್ಟಿದರೆ ಅಪಾಯವೇಕೆ ಎಂದು ಕೇಳಿದರೆ, ವಿದ್ಯಾರ್ಥಿಗಳಲ್ಲಿ ಬಹುಮಂದಿ ಕೊಡುವ ಉತ್ತರ ಒಂದೇ: ಭಾರ ಹೆಚ್ಚುತ್ತದೆ. ಉತ್ತರ ತಪ್ಪಲ್ಲ, ಆದರೆ ಅಪಾಯದ ಮುಖ್ಯ ಭಾಗ ಅದಲ್ಲ. ಹಿಮವು ಮೊದಲು ಕೆಡಿಸುವುದು ರೆಕ್ಕೆಯ ಆಕಾರವನ್ನು.

ಗಾಳಿಯು ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡಂತೆ ಹರಿದುಹೋದರೆ ಮಾತ್ರ ವಿಮಾನವನ್ನು ಎತ್ತುವ ಬಲ ಪೂರ್ತಿಯಾಗಿ ದೊರೆಯುತ್ತದೆ. ಮರಳುಕಾಗದದಷ್ಟು ಒರಟಾದ ಹಿಮದ ಲೇಪವೊಂದು ಈ ಬಲವನ್ನು ಶೇಕಡ 30ರಷ್ಟು ಕುಗ್ಗಿಸಿ, ಗಾಳಿಯ ಎಳೆತವನ್ನು ಶೇಕಡ 40ರಷ್ಟು ಏರಿಸಬಲ್ಲುದು. ಊಟದ ಉಪ್ಪಿನ ಹರಳಿನಷ್ಟು ಸಣ್ಣ ಹಿಮಕಣಗಳು ಚದರ ಸೆಂಟಿಮೀಟರಿಗೆ ಒಂದರಂತೆ ವಿರಳವಾಗಿ ಹರಡಿದ್ದರೂ ವಿಮಾನ ನೆಲ ಬಿಟ್ಟೇಳದೆ ಹೋಗಬಹುದೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿ ಎಚ್ಚರಿಸಿದೆ. ಇದರಲ್ಲಿ ಭಾರವೆಲ್ಲಿ ಬಂತು? ಇನ್ನೊಂದು ಕೇಡೂ ಉಂಟು. ರೆಕ್ಕೆ ಬಲಗುಂದುವ ಮುನ್ನ ಚಾಲಕನನ್ನು ಎಚ್ಚರಿಸುವ ಯಂತ್ರವನ್ನು ಶುಚಿಯಾದ ರೆಕ್ಕೆಯ ಲೆಕ್ಕದಲ್ಲಿ ಅಣಿಗೊಳಿಸಿರುತ್ತಾರೆ. ಹಿಮ ಹಿಡಿದ ರೆಕ್ಕೆ ಅದಕ್ಕಿಂತ ಮೊದಲೇ ಸೋಲುತ್ತದೆ.

ಮೋಡದೊಳಗಿನ ನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ಹನಿಯಾಗಿಯೇ ಉಳಿಯಬಲ್ಲುದು. ಇಂತಹ ಅತಿಶೀತಲ ಹನಿಯೊಂದು, ಉಷ್ಣತೆ ಸೊನ್ನೆಗಿಂತ 10 ಡಿಗ್ರಿ ಕೆಳಗಿರುವಾಗ, ರೆಕ್ಕೆಗೆ ಬಡಿಯಿತೆನ್ನೋಣ. ಹನಿ ಗಡ್ಡೆಯಾಗಬೇಕಾದರೆ ಗ್ರಾಮಿಗೆ 80 ಕ್ಯಾಲೊರಿ ಗುಪ್ತೋಷ್ಣವನ್ನು ಬಿಟ್ಟುಕೊಡಬೇಕು. ನೀರು 10 ಡಿಗ್ರಿ ಬಿಸಿಯೇರಲು ಬೇಕಾದುದು ಗ್ರಾಮಿಗೆ 10 ಕ್ಯಾಲೊರಿ ಮಾತ್ರ. ಆದುದರಿಂದ ಹನಿಯ ಎಂಟನೆಯ ಒಂದು ಪಾಲು ಗಡ್ಡೆಯಾದೊಡನೆ ಉಳಿದ ನೀರು ಸೊನ್ನೆ ಡಿಗ್ರಿಗೆ ಬಂದು ನಿಲ್ಲುತ್ತದೆ. ಅದು ರೆಕ್ಕೆಯ ಮೇಲೆ ಹಿಂದಕ್ಕೆ ಹರಿಯುತ್ತ, ಗಾಳಿಗೆ ಶಾಖವನ್ನು ಕೊಟ್ಟು, ಗಾಜಿನಂತೆ ಗಟ್ಟಿಯಾಗುತ್ತದೆ. ತರಗತಿಯಲ್ಲಿ ಬೇಸರದಿಂದ ಬಿಡಿಸುವ ಗುಪ್ತೋಷ್ಣದ ಲೆಕ್ಕ ಇಲ್ಲಿ ಪ್ರಾಣದ ಪ್ರಶ್ನೆ. ತೀರ ಸಣ್ಣ ಹನಿಗಳು ತೀರ ಚಳಿಯಲ್ಲಿ ಬಡಿದಲ್ಲಿಯೇ ಬೆಳ್ಳಗೆ ಹೆಪ್ಪುಗಟ್ಟುತ್ತವೆ. ಹಿಂದಕ್ಕೆ ಹರಿಯುವ ದೊಡ್ಡ ಹನಿಗಳೇ ಹೆಚ್ಚು ಘಾತಕ.

ದೊಡ್ಡ ಜೆಟ್ ವಿಮಾನವು ಎಂಜಿನಿನ ಬಿಸಿಗಾಳಿಯಿಂದ ರೆಕ್ಕೆಯ ಅಂಚನ್ನು ಕಾಯಿಸಿಕೊಂಡು ಕೆಲವೇ ನಿಮಿಷಗಳಲ್ಲಿ ಇಂತಹ ಮೋಡಗಳನ್ನು ದಾಟಿ ಮೇಲೇರುತ್ತದೆ. ಸಣ್ಣ ಸರಕು ವಿಮಾನದ ಸ್ಥಿತಿ ಬೇರೆ. ಉತ್ತರ ಅಮೆರಿಕದಲ್ಲಿ ಸಣ್ಣ ಊರುಗಳಿಗೆ ಪಾರ್ಸೆಲ್ ಒಯ್ಯುವ ಸೆಸ್ನಾ ಕ್ಯಾರವಾನನ್ನು ನೋಡಿ. ಎಂಜಿನ್ ಒಂದೇ, ಎಷ್ಟೋ ವೇಳೆ ಚಾಲಕನೂ ಒಬ್ಬನೇ. ಒಳಗೆ ಗಾಳಿಯ ಒತ್ತಡವನ್ನು ಕಾಯ್ದಿಡುವ ಏರ್ಪಾಟಿಲ್ಲದ ಕಾರಣ ಸಾಮಾನ್ಯವಾಗಿ ಹಿಮದ ಮೋಡಗಳಿರುವ ಎತ್ತರದಲ್ಲಿಯೇ ಹಾರಬೇಕು. ಒಳಕ್ಕೆ ಮಡಚದ ಚಕ್ರ, ರೆಕ್ಕೆಗೆ ಕೊಟ್ಟ ಆನಿಕೆ, ಎಲ್ಲವೂ ಹಿಮಕ್ಕೆ ಆಸರೆ.

ರೆಕ್ಕೆಯ ಮುಂಚೂಣಿಯಲ್ಲಿ ಗಾಳಿ ತುಂಬಿ ಉಬ್ಬಿಸಿ ಹಿಮವನ್ನು ಒಡೆಯುವ ರಬ್ಬರಿನ ಪಟ್ಟಿಗಳು ಇರುವುದಿಲ್ಲವೆ ಎಂದು ಓದುಗರು ಕೇಳಬಹುದು. ಅನೇಕ ವಿಮಾನಗಳಲ್ಲಿ ಇರುತ್ತವೆ. ಆದರೆ ಪಟ್ಟಿ ಒಡೆಯುವುದು ತನ್ನ ಮೇಲೆ ಕಟ್ಟಿದ ಹಿಮವನ್ನು ಮಾತ್ರ. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್ ಬಳಿ ಪ್ರಯಾಣಿಕ ವಿಮಾನವೊಂದು ಬಿದ್ದು 68 ಮಂದಿ ಸತ್ತರು. ದೊಡ್ಡ ಹನಿಗಳು ಪಟ್ಟಿಯನ್ನು ದಾಟಿ ಹಿಂದಕ್ಕೆ ಹರಿದು ಹೆಪ್ಪುಗಟ್ಟಿದ್ದವು. ಹಿಮದಲ್ಲಿ ಹಾರಲು ಯೋಗ್ಯವೆಂಬ ಪ್ರಮಾಣಪತ್ರಕ್ಕಾಗಿ ಆಗ ಪರೀಕ್ಷಿಸುತ್ತಿದ್ದುದು ಸುಮಾರು 50 ಮೈಕ್ರಾನ್ ವ್ಯಾಸದವರೆಗಿನ ಹನಿಗಳನ್ನು ಲೆಕ್ಕಕ್ಕೆ ಹಿಡಿದು. ಅಲ್ಲಿದ್ದ ಹನಿಗಳು ಅದಕ್ಕಿಂತ ಬಹಳ ದೊಡ್ಡವು. 2005ರ ಅಕ್ಟೋಬರ್ 6ರ ನಸುಕಿನಲ್ಲಿ ಕೆನಡದ ವಿನಿಪೆಗ್ ನಗರದಲ್ಲಿ ಸರಕಿನ ಕ್ಯಾರವಾನ್ ಒಂದು ಮೇಲೇರಿದ ಕೆಲವೇ ನಿಮಿಷಗಳಲ್ಲಿ ಬಿದ್ದಿತು. ಒಬ್ಬನೇ ಇದ್ದ ಚಾಲಕ ತೀರಿಕೊಂಡನು. ಹಿಮದಲ್ಲಿ ಹಾರಲು ವಿಧಿಸಿದ್ದ ಮಿತಿಗಿಂತ ಹೊರೆ ಹೆಚ್ಚಾಗಿತ್ತೆಂದು ತನಿಖೆಯಿಂದ ತಿಳಿಯಿತು.

ಪ್ರಮಾಣಪತ್ರವೆಂಬುದು ಹಿಮದಿಂದ ಹೊರಬರಲು ದೊರೆತ ಅವಕಾಶವೇ ಹೊರತು ಅದರಲ್ಲಿಯೇ ಉಳಿಯಲು ಕೊಟ್ಟ ಅಪ್ಪಣೆಯಲ್ಲ ಎಂಬುದು ನಮ್ಮ ಅಭಿಪ್ರಾಯ. ಅಮೆರಿಕದ ವಿಮಾನಯಾನ ಆಡಳಿತವೂ ತಡವಾಗಿಯಾದರೂ ಈ ದಾರಿಗೆ ಬಂದಿತು. ಹಿಮದಲ್ಲಿ ವೇಗವನ್ನು 120 ನಾಟ್‌ಗೆ, ಎಂದರೆ ಗಂಟೆಗೆ ಸುಮಾರು 220 ಕಿಲೋಮೀಟರಿಗೆ, ಕಡಿಮೆಯಾಗದಂತೆ ಕಾಯಲಾರದ ಕ್ಯಾರವಾನ್ ಅಲ್ಲಿಂದ ಹೊರಬರಬೇಕೆಂದು 2006ರಲ್ಲಿ ವಿಧಿಸಿತು. ಅದರ ಹಿಂದಿನ ವರ್ಷವೇ, ಶೀತ ಹವೆಯಲ್ಲಿ ಹಾರುವ ಮುನ್ನ ರೆಕ್ಕೆಯನ್ನು ಕಣ್ಣಿನಿಂದ ನೋಡಿದರೆ ಸಾಲದು, ಕೈಯಿಂದ ಮುಟ್ಟಿಯೂ ನೋಡಬೇಕೆಂದು ಆಜ್ಞಾಪಿಸಿತ್ತು. ಪಾರದರ್ಶಕವಾದ ಹಿಮ ದೀಪದ ಬೆಳಕಿಗೆ ಒದ್ದೆ ಬಣ್ಣದಂತೆಯೇ ಕಾಣುತ್ತದೆ.

ಆದರೆ ಕ್ಯಾರವಾನಿನ ರೆಕ್ಕೆ ತಲೆಗಿಂತ ಎತ್ತರದಲ್ಲಿದೆ. ಮುಟ್ಟಲು ಏಣಿ ಬೇಕು, ತೊಳೆಯಲು ಹಿಮ ಕರಗಿಸುವ ದ್ರವ ಬೇಕು, ಎಲ್ಲಕ್ಕೂ ಹೊತ್ತು ಬೇಕು. ಕತ್ತಲಲ್ಲಿ ಒಬ್ಬನೇ ನಿಂತ, ಪಾರ್ಸೆಲ್‌ಗಳ ವೇಳೆಗೆ ಕಟ್ಟುಬಿದ್ದ ಚಾಲಕನ ಮೇಲೆ ಇದೆಲ್ಲವನ್ನೂ ಹೊರಿಸಿದರೆ ನಿಯಮವು ಕಾಗದದಲ್ಲಿ ಉಳಿಯುತ್ತದೆ. ಏಣಿ ಮತ್ತು ದ್ರವಗಳನ್ನು ಒದಗಿಸುವುದೂ, ಅವುಗಳಿಲ್ಲದ ನಿಲ್ದಾಣದಲ್ಲಿ ಸರಕು ತಡವಾಗುವುದೆಂದು ಮೊದಲೇ ಒಪ್ಪಿಕೊಳ್ಳುವುದೂ ಸರಕು ಕಂಪನಿಯ ಹೊಣೆ. ಹಾರಲಾರೆನೆಂದ ಚಾಲಕನಿಂದ ಆ ದಿನ ವಿವರಣೆಯನ್ನು ಕೇಳಕೂಡದು.