ಮಿಕ್ಸಿಗೆ ಕೇಳೋ ಪ್ರಶ್ನೆ ಲ್ಯಾಪ್‌ಟಾಪಿಗೆ ಯಾಕಿಲ್ಲ?

ಕಾಲೇಜು ಶುರುವಾಗೋ ಕಾಲ ಬಂತು ಅಂದ್ರೆ ನನ್ನ ಫೋನಿಗೆ ಬಿಡುವಿಲ್ಲ. "ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ತು, ಒಂದು ಲ್ಯಾಪ್‌ಟಾಪ್ ಹೇಳಪ್ಪ. ಸ್ವಲ್ಪ ಗೇಮೂ ಆಡ್ತಾನಂತೆ." ಸಾಫ್ಟ್‌ವೇರ್‌ನಲ್ಲಿ ಇರೋನಿಗೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಎಲ್ಲಾ ಗೊತ್ತಿರತ್ತೆ ಅನ್ನೋದು ನೆಂಟರ ನಂಬಿಕೆ :)

ಇಂಥವರಿಗೆ ನಾವೆಲ್ಲ ಕೊಡೋ ರೆಡಿಮೇಡ್ ಉತ್ತರ ಒಂದಿದೆ: "ಗ್ರಾಫಿಕ್ಸ್ ಕಾರ್ಡ್ ಇರೋದು ತಗೊಳ್ಳಿ." ನನ್ನ ಜಗಳ ಇರೋದೇ ಈ ಉತ್ತರದ ಜೊತೆ. ಇದು ಸಲಹೆ ಅಲ್ಲ ಸ್ವಾಮಿ, ಸೋಮಾರಿತನ.

ಮೊದಲನೇದಾಗಿ, ಈ ಲ್ಯಾಪ್‌ಟಾಪುಗಳಲ್ಲಿ ಇರೋದು "ಕಾರ್ಡು" ಅಲ್ಲವೇ ಅಲ್ಲ. ಮದರ್‌ಬೋರ್ಡಿಗೆ ಬೆಸುಗೆ ಹಾಕಿದ ಚಿಪ್ಪು. ಡೆಸ್ಕ್‌ಟಾಪಿನ ಥರ ಎರಡು ವರ್ಷ ಬಿಟ್ಟು ಬದಲಾಯಿಸ್ತೀನಿ ಅಂದ್ರೆ ಆಗಲ್ಲ. ಕೊಳ್ಳೋ ದಿನ ಎಡವಿದ್ರೆ ನಾಲ್ಕು ವರ್ಷ ಅದರ ಜೊತೇನೇ ಸಂಸಾರ.

ಎರಡನೇದು, ಹೆಸರು ಒಂದೇ ಆದ್ರೂ ಸರಕು ಒಂದೇ ಅಲ್ಲ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 3050 ತಗೊಳ್ಳಿ. ತಯಾರಕರು ಅದಕ್ಕೆ 35 ವ್ಯಾಟ್‌ನಿಂದ 80 ವ್ಯಾಟ್‌ವರೆಗೆ ಎಷ್ಟು ಬೇಕಾದ್ರೂ ಕೊಡಬಹುದು. ಅದೇ ಸ್ಟಿಕ್ಕರ್, ಅದೇ ಹಸಿರು ಬಣ್ಣ, ಒಳಗೆ ಒಂದು ಕುದುರೆ, ಇನ್ನೊಂದು ಹೇಸರಗತ್ತೆ. ಇದು ಹೊಸ ಚಾಳಿಯೂ ಅಲ್ಲ. ಎಂಎಕ್ಸ್150 ಅನ್ನೋ ಚಿಪ್ಪು 25 ವ್ಯಾಟ್ ಮತ್ತು 10 ವ್ಯಾಟ್ ಎರಡು ಅವತಾರಗಳಲ್ಲಿ ಒಂದೇ ಹೆಸರಲ್ಲಿ ಮಾರಾಟ ಆಗ್ತಿದೆ ಅಂತ 2018ರಲ್ಲೇ ಬಯಲಾಗಿತ್ತು. ಇನ್ನು ಆರ್‌ಟಿಎಕ್ಸ್ 2050? ಚಿಪ್ಪು 3050ರದೇ ಕುಲ, 2048 ಕೋರು ಅದಕ್ಕೂ ಇದೆ. ಆದ್ರೆ ಮೆಮೊರಿಯ ದಾರಿ ಮಾತ್ರ 128 ಬಿಟ್‌ನಿಂದ 64 ಬಿಟ್‌ಗೆ ಇಳಿದಿದೆ.

ಕಮ್ಮಿ ವ್ಯಾಟ್ ಕೊಡೋದು ಮೋಸ ಅಂತ ನಾನು ಹೇಳ್ತಿಲ್ಲ. ತೆಳ್ಳಗಿನ ಲ್ಯಾಪ್‌ಟಾಪಿಗೆ 80 ವ್ಯಾಟ್ ಸುರಿದ್ರೆ ಅದರ ಮೇಲೆ ದೋಸೆ ಹುಯ್ಯಬೇಕಾಗತ್ತೆ ಅಷ್ಟೆ. ಮೋಸ ಇರೋದು ಅದನ್ನ ಮುಚ್ಚಿಡೋದ್ರಲ್ಲಿ. ನಮ್ಮಮ್ಮ ಮಿಕ್ಸಿ ಕೊಳ್ಳೋವಾಗ "500 ವ್ಯಾಟಾ, 750 ವ್ಯಾಟಾ?" ಅಂತ ಕೇಳದೆ ದುಡ್ಡು ಬಿಚ್ಚಲ್ಲ. ಅದರ ಹತ್ತಾರು ಪಟ್ಟು ದುಡ್ಡು ಕೊಡೋ ನಾವು ಕೇಳಲ್ಲ. ನಾನೊಮ್ಮೆ ಬೆಂಗಳೂರಿನ ಒಂದು ದೊಡ್ಡ ಅಂಗಡೀಲಿ ಕೇಳಿದ್ದಕ್ಕೆ ಸೇಲ್ಸ್ ಹುಡುಗ ಚಾರ್ಜರ್ ತಿರುಗಿಸಿ ಅದರ ಮೇಲಿದ್ದ ವ್ಯಾಟ್ ಓದಿದ! ಅವನದೇನು ತಪ್ಪು, ಅವನಿಗೂ ಯಾರೂ ಹೇಳಿಕೊಟ್ಟಿಲ್ಲ.

ಮೂರನೇದು, "ಸ್ವಲ್ಪ ಗೇಮಿಗೆ" ಬೇರೆ ಚಿಪ್ಪೇ ಬೇಕು ಅನ್ನೋದು ಹಳೇ ಕಥೆ. ಎಎಂಡಿಯ ರೇಡಿಯಾನ್ 680ಎಂ (2022), 780ಎಂ (2023) ಪ್ರೊಸೆಸರ್ ಒಳಗೇ ಕೂತಿರತ್ವೆ. ಸೆಟ್ಟಿಂಗ್ ತಗ್ಗಿಸಿಕೊಂಡ್ರೆ ವ್ಯಾಲರಂಟ್, ಜಿಟಿಎ 5 ಎಲ್ಲಾ ಆರಾಮಾಗಿ ಓಡತ್ತೆ. ಆದ್ರೆ ಇಲ್ಲೂ ಹೆಸರಿನ ಆಟ ತಪ್ಪಲ್ಲ. ರೈಜೆನ್ 7 7735ಎಚ್‌ಎಸ್ ಒಳಗೆ 680ಎಂ ಇದೆ, 12 ಕಂಪ್ಯೂಟ್ ಯೂನಿಟ್. ರೈಜೆನ್ 5 7520ಯು ಕೂಡ ಅದೇ 7000 ಸರಣಿ. ಅದರಲ್ಲಿರೋದು ಬರೀ 2!

ಇದಕ್ಕಿಂತ ಹೊಟ್ಟೆ ಉರಿಸೋದು ರ‍್ಯಾಮ್. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದು ಬದುಕೋದೇ ರ‍್ಯಾಮ್ ಮೇಲೆ. ಕಂಪನಿಗಳು ನಾಲ್ಕು ಕಾಸು ಉಳಿಸೋಕೆ ಒಂದೇ ಸ್ಟಿಕ್ ಹಾಕಿ ಕಳಿಸ್ತವೆ, ದಾರಿ ಅರ್ಧಕ್ಕೆ ಕುಗ್ಗತ್ತೆ. ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಇರೋ ಇಂಟೆಲ್ ಲ್ಯಾಪ್‌ಟಾಪುಗಳಲ್ಲಂತೂ ಸಿಂಗಲ್ ಚಾನೆಲ್ ರ‍್ಯಾಮ್ ಇದ್ರೆ ವಿಂಡೋಸ್ ಆ ಹೆಸರನ್ನೇ ತೋರಿಸಲ್ಲ, ಬರೀ ಯುಎಚ್‌ಡಿ ಅನ್ನತ್ತೆ. ಸ್ಲಾಟ್ ಖಾಲಿ ಇದ್ರೆ ಎಸ್.ಪಿ. ರೋಡಿಗೆ ಹೋಗಿ ಇನ್ನೊಂದು ಸ್ಟಿಕ್ ಹಾಕಿಸಿ, ವ್ಯತ್ಯಾಸ ಕಣ್ಣಿಗೇ ಕಾಣತ್ತೆ. ರ‍್ಯಾಮ್ ಬೋರ್ಡಿಗೇ ಬೆಸೆದಿದ್ದು ಸ್ಲಾಟೇ ಇಲ್ಲದಿದ್ರೆ ಆ ದಾರೀನೂ ಬಂದ್.

"ಮಷೀನ್ ಲರ್ನಿಂಗ್ ಕಲೀಬೇಕಲ್ಲ, ಎನ್ವಿಡಿಯಾ ಬೇಡ್ವಾ?" ಅಂತೀರಾ? ನ್ಯಾಯವಾದ ಮಾತು. ಕೂಡಾ ಬೇಕಂದ್ರೆ ಎನ್ವಿಡಿಯಾನೇ ಬೇಕು. ಹಾಗಿದ್ರೆ 4 ಜಿಬಿ ಬಿಟ್ಟು 6 ಜಿಬಿಯ 3050 ನೋಡಿ, ಆದ್ರೆ ವ್ಯಾಟ್ ಕೇಳಿಯೇ ತಗೊಳ್ಳಿ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಅದು ಬರೆದೇ ಇರತ್ತೆ. ಅಂಗಡೀಲೇ ತೆಗೆಸಿ ನೋಡಿ. ನಾಚಿಕೆ ಯಾಕೆ, ದುಡ್ಡು ನಿಮ್ಮದು.

ಬ್ಲಾಗಿಗ ಮಿತ್ರರೇ, ನಿಮ್ಮಲ್ಲೊಂದು ವಿನಂತಿ. ಸಾಲ ಮಾಡಿ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸೋ ಅಪ್ಪನಿಗೆ ಈ ಅಕ್ಷರ, ಅಂಕಿಗಳ ಜಂಜಾಟ ಗೊತ್ತಾಗಲ್ಲ. ಅವರು ನಮ್ಮ ಮಾತು ನಂಬಿಕೊಂಡು ಅಂಗಡಿಗೆ ಹೋಗ್ತಾರೆ. ಹಾಗಾಗಿ ಮುಂದಿನ ಸಲ ಕನ್ನಡದಲ್ಲಿ ಲ್ಯಾಪ್‌ಟಾಪ್ ಬಗ್ಗೆ ಬರೆಯೋವಾಗ ಬಣ್ಣ, ತೂಕ, ಕೀಬೋರ್ಡಿನ ದೀಪದ ಜೊತೆ ಮೂರು ಸಾಲು ಸೇರಿಸಿ: ಚಿಪ್ಪಿನ ಪೂರ್ತಿ ಹೆಸರು, ಅದರ ವ್ಯಾಟು, ರ‍್ಯಾಮ್ ಸ್ಟಿಕ್ ಎಷ್ಟು. ಇಷ್ಟು ಬರೆಯದ ವಿಮರ್ಶೆಗೆ ಜಾಹೀರಾತು ಅಂತಲೇ ಹೆಸರಿಡೋಣ.

ಏನಂತೀರಿ? ಜಗಳಕ್ಕೆ ಕಮೆಂಟ್ ಪೆಟ್ಟಿಗೆ ತೆರೆದಿದೆ :)