ಹತ್ತರ ವರ್ಗ ಎಂಟಾದ ದಿನ

ಮೊದಲ ವರ್ಷದ ಸಿ ಪ್ರೋಗ್ರಾಮಿಂಗ್ ಲ್ಯಾಬ್. ಚೌಕದ ವಿಸ್ತೀರ್ಣ ಕಂಡುಹಿಡಿಯುವ ಪುಟ್ಟ ಪ್ರೋಗ್ರಾಂ. ಬಾಹುವಿನ ಉದ್ದದ ಮುಂದೆ ^2 ಎಂದು ಟೈಪ್ ಮಾಡಿ, ರನ್ ಮಾಡಿ 10 ಕೊಟ್ಟೆ. ಪರದೆಯ ಮೇಲೆ ಬಂದ ಉತ್ತರ 8! ಒಂದು ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. 'ಹತ್ಹತ್ಲ ನೂರು' ಎಂದು ಮಗ್ಗಿ ಬಾಯಿಪಾಠ ಮಾಡಿ ಬೆಳೆದ ನನಗೆ ತಲೆ ಗಿರ್ರೆಂದಿತು.

ಪಕ್ಕದವನನ್ನು ಕೇಳಲು ನಾಚಿಕೆ, ಮೇಡಂ ಅವರನ್ನು ಕೇಳಲು ಹೆದರಿಕೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ 'ಇಷ್ಟೂ ಗೊತ್ತಿಲ್ವಾ?' ಎಂಬ ಮಾತಿನ ಭಯ ಸದಾ ಇರುತ್ತದೆ. ಸುಮ್ಮನೆ ಗುಣಾಕಾರ ಬರೆದು ಉತ್ತರ ಸರಿಮಾಡಿಕೊಂಡೆ. ಏಕೆ ತಪ್ಪಾಯಿತೆಂದು ತಿಳಿಯಲಿಲ್ಲ. ಅದರ ಬೆಲೆ ತೆತ್ತಿದ್ದು ಇಂಟರ್ನಲ್ಸ್‌ನಲ್ಲಿ. 'ಔಟ್‌ಪುಟ್ ಬರೆಯಿರಿ' ಎಂಬ ಪ್ರಶ್ನೆಯಲ್ಲಿ ಅದೇ ಚಿಹ್ನೆ ಬಂದಿತ್ತು. ನಾನು ಮತ್ತೆ ವರ್ಗ ಮಾಡಿ ಅಂಕ ಕಳೆದುಕೊಂಡೆ.

ಆಮೇಲೆ ತಿಳಿಯಿತು: ಸಿ ಭಾಷೆಯಲ್ಲಿ ^ ಎಂದರೆ ಘಾತ ಅಲ್ಲ, ಎಕ್ಸ್‌ಆರ್. ದ್ವಿಮಾನ ಪದ್ಧತಿಯಲ್ಲಿ 10 ಎಂದರೆ 1010, 2 ಎಂದರೆ 0010. ಎರಡನ್ನೂ ಒಂದರ ಕೆಳಗೊಂದು ಬರೆದು, ಅಂಕಿ ಬೇರೆ ಇದ್ದಲ್ಲಿ 1, ಒಂದೇ ಇದ್ದಲ್ಲಿ 0 ಹಾಕಿದರೆ 1000. ಅಂದರೆ 8. ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ, ನಾನು ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಹಾಗಾದರೆ ^ ಘಾತವಾದದ್ದು ಹೇಗೆ? ಘಾತಾಂಕವನ್ನು ಸಂಖ್ಯೆಯ ಹೆಗಲ ಮೇಲೆ ಚಿಕ್ಕದಾಗಿ ಬರೆಯುವ ಪದ್ಧತಿ 1637ರ ಡೆಕಾರ್ಟ್ ಪುಸ್ತಕದಲ್ಲೇ ಇದೆ. ಪೆನ್ನಿಗೆ ಅದು ಸುಲಭ, ಒಂದೇ ಸಾಲಿನಲ್ಲಿ ಟೈಪ್ ಮಾಡುವ ಯಂತ್ರಕ್ಕೆ ಕಷ್ಟ. ಫೋರ್ಟ್ರಾನ್ ಭಾಷೆ ಎರಡು ನಕ್ಷತ್ರ  ಬಳಸಿತು, ಇಂದಿನ ಪೈಥಾನ್‌ನಲ್ಲೂ ಅದೇ ಇದೆ. ಬೇಸಿಕ್ ಭಾಷೆ ಮೇಲ್ಮುಖ ಬಾಣ ಬಳಸಿತು. 1963ರ ಆಸ್ಕಿ ಸಂಕೇತಪಟ್ಟಿಯಲ್ಲಿದ್ದ ಆ ಬಾಣದ ಜಾಗಕ್ಕೆ ಕೆಲವೇ ವರ್ಷಗಳಲ್ಲಿ ^ ಬಂದು ಕೂತಿತು. ಬಾಣದ ಕೆಲಸವೂ ಅದರ ಪಾಲಿಗೇ ಬಂತು.

ಇಷ್ಟಕ್ಕೇ ಮುಗಿಯಲಿಲ್ಲ. ವೆಕ್ಟರ್ ಪಾಠದಲ್ಲಿ ಅಕ್ಷರದ ತಲೆಯ ಮೇಲೆ ಕೂತರೆ ಅದು 'ಐ ಕ್ಯಾಪ್, ಜೆ ಕ್ಯಾಪ್', ಅಂದರೆ ಉದ್ದ 1 ಇರುವ ವೆಕ್ಟರ್. ಸಂಖ್ಯಾಶಾಸ್ತ್ರದಲ್ಲಿ ಅದೇ ಟೋಪಿ ಹಾಕಿದರೆ ಅಂದಾಜು ಮಾಡಿದ ಬೆಲೆ. ತರ್ಕಶಾಸ್ತ್ರದ 'ಮತ್ತು' ಚಿಹ್ನೆಯೂ ಹೆಚ್ಚುಕಡಿಮೆ ಇದೇ ಆಕಾರ. ಘಾತ ಎಂದು ಒಪ್ಪಿಕೊಂಡರೂ ಜಗಳ ತಪ್ಪದು. ಎಕ್ಸೆಲ್‌ನಲ್ಲಿ -2^2 ಎಂದು ಕೊಟ್ಟರೆ 4 ಬರುತ್ತದೆ, ಗಣಿತದ ರೂಢಿಯಂತೆ ಅದು -4. ಹಾಗೆಯೇ 2^3^2 ಎಕ್ಸೆಲ್‌ನಲ್ಲಿ 64, ಗಣಿತದಲ್ಲಿ 512.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. ನಾನೀಗ ಪ್ಲೇಸ್‌ಮೆಂಟ್ ತಯಾರಿಯಲ್ಲಿದ್ದೇನೆ. ಈಚೆಗೆ ಬರೆದ ಒಂದು ಅಭ್ಯಾಸ ಪರೀಕ್ಷೆಯ ಆಪ್ಟಿಟ್ಯೂಡ್ ಭಾಗದಲ್ಲಿ 2^5 ಎಂದರೆ 32. ಅದೇ ಪರೀಕ್ಷೆಯ ಟೆಕ್ನಿಕಲ್ ಭಾಗದಲ್ಲಿ 2^5 ಎಂದರೆ 7. ಎರಡೂ ಸರಿ. ಆದರೆ ಯಾವುದು ಎಲ್ಲಿ ಎಂದು ಒಂದು ಸಾಲೂ ಬರೆದಿರಲಿಲ್ಲ. 'ಸಂದರ್ಭ ನೋಡಿದರೆ ಗೊತ್ತಾಗುತ್ತದಲ್ಲ' ಎನ್ನುವವರಿದ್ದಾರೆ. ಸಂದರ್ಭ ಗೊತ್ತಾಗುವುದು ಮೊದಲೇ ಗೊತ್ತಿದ್ದವರಿಗೆ. ಹೊಸದಾಗಿ ಕಲಿಯುವವನಿಗೆ ಸಂದರ್ಭವೂ ಹೊಸದೇ.

ಆದ್ದರಿಂದ ನನ್ನದು ಎರಡು ಮಾತು. ಪಾಠ ಮಾಡುವವರು, ಪ್ರಶ್ನೆಪತ್ರಿಕೆ ತೆಗೆಯುವವರು 'ಇಲ್ಲಿ ಈ ಚಿಹ್ನೆಗೆ ಈ ಅರ್ಥ' ಎಂದು ಒಂದು ಸಾಲು ಹೇಳಲಿ. ಐದು ನಿಮಿಷವೂ ಬೇಡ. ಇನ್ನು ನಾವು ವಿದ್ಯಾರ್ಥಿಗಳು 'ಸರ್, ಇಲ್ಲಿ ಇದರ ಅರ್ಥ ಏನು?' ಎಂದು ಕೇಳುವುದನ್ನು ಅವಮಾನ ಎಂದುಕೊಳ್ಳಬಾರದು. ಚಿಹ್ನೆಗೆ ಹುಟ್ಟಿನಿಂದ ಬಂದ ಅರ್ಥ ಯಾವುದೂ ಇಲ್ಲ, ಬಳಸುವವರ ಒಪ್ಪಂದವೇ ಅದರ ಅರ್ಥ. ಒಪ್ಪಂದ ಗೊತ್ತಿಲ್ಲದಿರುವುದು ದಡ್ಡತನ ಅಲ್ಲ.

ಪ್ರೈಮರಿ ಶಾಲೆಯಲ್ಲಿ ಬರೆಯುವಾಗ ಅಕ್ಷರ ಬಿಟ್ಟುಹೋದರೆ ಮೇಷ್ಟ್ರು ಒಂದು ಗುರುತು ಹಾಕಿಸುತ್ತಿದ್ದರು, ಹಂಸಪಾದ. ಇಂಗ್ಲಿಷಿನವರು ಅದನ್ನೇ ಕ್ಯಾರೆಟ್ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಆ ಪದಕ್ಕೆ 'ಇಲ್ಲಿ ಏನೋ ಕೊರತೆಯಿದೆ' ಎಂದು ಅರ್ಥ. ಈಗ ಪ್ರಶ್ನೆಪತ್ರಿಕೆಯಲ್ಲಿ ^ ಕಂಡಾಗಲೆಲ್ಲ ನನಗೆ ಆ ಹಂಸಪಾದವೇ ನೆನಪಾಗುತ್ತದೆ. ಇಲ್ಲಿ ಒಂದು ಸಾಲು ಬಿಟ್ಟುಹೋಗಿದೆ, ಯಾರಾದರೂ ಸೇರಿಸಬೇಕು. ಆ ದಿನ ಲ್ಯಾಬಿನಲ್ಲಿ ನಾನು ಬಾಯಿ ಬಿಟ್ಟು ಕೇಳಿದ್ದರೆ, ಮೇಡಂ ಖಂಡಿತ ಸೇರಿಸುತ್ತಿದ್ದರೇನೋ.